ಹೊಲವಿಲ್ಲದವರ ಹೊಲ: ಆಲಮಟ್ಟಿಯ ಉದ್ಯಾನಗಳು

ವಿಹಾರವೆಂದರೆ ಕಾಲಹರಣ, ಕಾಲಹರಣವೆಂದರೆ ಕಾಯಕಕ್ಕೆ ಬಗೆದ ದ್ರೋಹ ಎಂದು ಭಾವಿಸಿದ ಹಿರಿಯರು ನಮ್ಮ ಸಮಾಜದಲ್ಲಿ ಇಂದಿಗೂ ಇದ್ದಾರೆ. ಮಠದ ಅನ್ನವುಂಡು ಅಕ್ಷರ ಕಲಿತ ನಾನೂ ಬಹುಕಾಲ ಆ ಪಂಕ್ತಿಯಲ್ಲಿಯೇ ಕುಳಿತವನು. ಆದರೆ ನಮ್ಮ ಒಕ್ಕಲು ಮನೆತನಗಳ ವರ್ಷಚಕ್ರವನ್ನು ಅವಲೋಕಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಾಳುಪಲ್ಲೆಗಳ ಬುತ್ತಿ ಹೊತ್ತು, ಆಬಾಲವೃದ್ಧರು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಸಹಪಂಕ್ತಿಯಲ್ಲಿ ಉಣ್ಣುವ ಪದ್ಧತಿ ನಮ್ಮಲ್ಲಿ ನಡೆದುಬಂದಿದೆ. ದುಡಿದ ಭೂಮಿಗೆ ಕೃತಜ್ಞತೆ ಸಲ್ಲಿಸುವುದು, ದುಡಿದ ದೇಹಕ್ಕೆ ವಿಶ್ರಾಂತಿ ಕೊಡುವುದು ಅಂದು ಒಂದೇ ಕಾರ್ಯವಾಗಿತ್ತು.

ಆದರೆ ಹೊಲವಿಲ್ಲದವರ ಗತಿಯೇನು? ಸೋಲಾಪುರ–ವಿಜಯಪುರ ಹೆದ್ದಾರಿಯ ಮೇಲಿರುವ ಝಳಕಿಯಂಥ ಊರುಗಳನ್ನು ನೋಡಿರಿ. ಹಗಲಿರುಳು ಲಾರಿಗಳ ಓಡಾಟ, ಧೂಳು, ಬಿಸಿಲು. ಗ್ಯಾರೇಜಿನಲ್ಲಿ ದುಡಿಯುವವರು, ಅಂಗಡಿ ನಡೆಸುವವರು, ಹೊಲ ಮಾರಿ ಬಂದವರು ಎಳ್ಳಮಾವಾಸ್ಯೆಯ ದಿನ ಬುತ್ತಿಯನ್ನು ಮನೆಯ ಒಳಗೇ ಬಿಚ್ಚುತ್ತಾರೆ. ಅರಣ್ಯವೆಂಬುದು ನಮ್ಮ ಜಿಲ್ಲೆಯಲ್ಲಿ ಶೇಕಡಾ ಒಂದರಷ್ಟೂ ಇಲ್ಲ. ಮಕ್ಕಳು ಓಡಲು, ಮುದುಕರು ಕೂಡಲು, ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಅಡ್ಡಾಡಲು ಸಾರ್ವಜನಿಕವಾದ ಹಸಿರು ನೆಲವೊಂದು ಬೇಕಲ್ಲವೆ? ಅಂಥ ನೆಲ ನಮ್ಮ ಜಿಲ್ಲೆಯೊಳಗೇ ಇದೆ. ಅದೇ ಆಲಮಟ್ಟಿ.

ಝಳಕಿಯಿಂದ ವಿಜಯಪುರಕ್ಕೆ ಬಂದು, ಅಲ್ಲಿಂದ ನಿಡಗುಂದಿಯ ಮಾರ್ಗವಾಗಿ ಬಸ್ಸಿನಲ್ಲಿ ಹೋಗಬಹುದು. ಇಂಡಿಯ ಕಡೆಯವರಿಗೆ ರೈಲೂ ಅನುಕೂಲ. ಸೋಲಾಪುರ–ಗದಗ ಮಾರ್ಗದಲ್ಲಿ ಆಲಮಟ್ಟಿಗೇ ನಿಲ್ದಾಣವಿದೆ. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಈ ಊರು ಈಗ ನಿಡಗುಂದಿ ತಾಲೂಕಿನಲ್ಲಿದೆ. ಇಲ್ಲಿ ಕೃಷ್ಣೆಗೆ ಕಟ್ಟಿದ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದರು. ಅದೇ ಜೂನ್ ತಿಂಗಳಲ್ಲಿ ಅವರು ಪ್ರಧಾನಮಂತ್ರಿಗಳಾದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ಜಲಾಶಯಕ್ಕೆ ಶಾಸ್ತ್ರಿಯವರ ಹೆಸರನ್ನೇ ಇಡಲಾಗಿದೆ. ಇಪ್ಪತ್ತಾರು ಬಾಗಿಲುಗಳು, 519.60 ಮೀಟರಿನ ಗರಿಷ್ಠ ಮಟ್ಟದಲ್ಲಿ 123 ಟಿಎಂಸಿ ನೀರು, 290 ಮೆಗಾವ್ಯಾಟ್ ವಿದ್ಯುತ್ ಉತ್ಪಾದನಾ ಸಾಮರ್ಥ್ಯ. ಇವು ಮಕ್ಕಳು ಬರೆದಿಟ್ಟುಕೊಳ್ಳಬೇಕಾದ ಅಂಕಿಗಳು.

ಆಣೆಕಟ್ಟಿನ ಆಸುಪಾಸಿನ ಕಲ್ಲುನೆಲವನ್ನು ಉದ್ಯಾನಗಳನ್ನಾಗಿ ಪರಿವರ್ತಿಸಿದ್ದು ಕೃಷ್ಣಾ ಭಾಗ್ಯ ಜಲ ನಿಗಮ. ರಾಕ್ ಗಾರ್ಡನ್ ಎಂದು ಜನ ಕರೆಯುವ ಶಿಲಾ ಉದ್ಯಾನದಲ್ಲಿ ಪ್ರಾಣಿ ಪಕ್ಷಿಗಳ ಹಾಗೂ ಜನಜೀವನದ ಪ್ರತಿಕೃತಿಗಳಿವೆ. ಕೃಷ್ಣ ಉದ್ಯಾನ, ಲವಕುಶ ಉದ್ಯಾನಗಳಲ್ಲಿ ಪುರಾಣಕಥೆಗಳು ಮೂರ್ತಿರೂಪ ತಾಳಿವೆ. ಮೊಘಲ್ ಉದ್ಯಾನದಲ್ಲಿ ಓರಣವಾದ ಹೂಪಾತಿಗಳು. ಸಂಜೆ ಸಂಗೀತ ಕಾರಂಜಿ. ದೋಣಿ ವಿಹಾರದ ಏರ್ಪಾಡೂ ಉಂಟು. ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಆತುರ ಬೇಡ. ಎರಡು ಉದ್ಯಾನಗಳನ್ನು ನಿಧಾನವಾಗಿ ನೋಡಿ, ಉಳಿದವನ್ನು ಮುಂದಿನ ಭೇಟಿಗೆ ಬಿಡುವುದು ಲೇಸು. ಏಕೆಂದರೆ ಈ ಸ್ಥಳಕ್ಕೆ ಋತುವಿಗೊಂದು ರೂಪವಿದೆ.

ಆಷಾಢ, ಶ್ರಾವಣಗಳಲ್ಲಿ ನಮ್ಮಲ್ಲಿ ಹನಿ ಮಳೆ ಬೀಳದಿದ್ದರೂ ಜಲಾಶಯ ತುಂಬುವುದುಂಟು. ಮಹಾಬಳೇಶ್ವರದ ಸುತ್ತಣ ಸಹ್ಯಾದ್ರಿಯಲ್ಲಿ ಸುರಿದ ಮಳೆ ಇಲ್ಲಿಗೆ ಹರಿದು ಬರುತ್ತದೆ. ದೂರದ ಮಳೆ ಹತ್ತಿರದ ಬರವನ್ನು ಹೇಗೆ ನೀಗುತ್ತದೆಂಬ ಪಾಠವನ್ನು ಮಕ್ಕಳಿಗೆ ಕಣ್ಣೆದುರೇ ತೋರಿಸಬಹುದು. ಬಾಗಿಲು ತೆರೆದಾಗಿನ ದೃಶ್ಯ ರಮ್ಯವಾದದ್ದು. ಆದರೆ ಆಗ ಆಣೆಕಟ್ಟಿನ ಕೆಳಗಣ ನದಿಪಾತ್ರಕ್ಕೆ ಇಳಿಯಕೂಡದು. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತವಾಗಿರುತ್ತದೆ. ಮುದುಕರು, ಬಾಣಂತಿಯರು, ಎಳೆಮಕ್ಕಳು ಇರುವ ಕುಟುಂಬಗಳಿಗೆ ಇದೇ ಪ್ರಶಸ್ತ ಕಾಲ. ಚಳಿಗಾಲದಲ್ಲಿ ಹಿನ್ನೀರಿನ ಅಂಚಿಗೆ ರಾಜಹಂಸಗಳೂ ಪಟ್ಟೆತಲೆಯ ಹೆಬ್ಬಾತುಗಳೂ ವಲಸೆ ಬರುತ್ತವೆ. ಚೈತ್ರ, ವೈಶಾಖಗಳ ಬಿಸಿಲು ನಾಲ್ವತ್ತು ಡಿಗ್ರಿ ದಾಟುವುದರಿಂದ ಮುಂಜಾನೆ ಇಲ್ಲವೆ ಇಳಿಹೊತ್ತಿನಲ್ಲಿಯೇ ಅಡ್ಡಾಡಬೇಕು. ನಡುಹಗಲನ್ನು ನೆರಳಿನಲ್ಲಿ ಕಳೆಯಬೇಕು. ಯಾವ ಋತುವಿನಲ್ಲಿಯೂ ಹಿನ್ನೀರಿನಲ್ಲಿ ಈಜುವ ಸಾಹಸ ಸಲ್ಲದು. ಆಳ ತಿಳಿಯದು, ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ದೋಣಿ ಏರುವವರು ಜೀವರಕ್ಷಕ ಅಂಗಿಯನ್ನು ತೊಡಲೇಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ನಾಲ್ಕಾರು ಕುಟುಂಬಗಳೊಡನೆ ಹೋಗಿದ್ದಾಗ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸಂಜೆ ಎಲ್ಲರೂ ಕಾರಂಜಿಯ ಕಡೆಗೆ ಧಾವಿಸಿದರು. ಎಪ್ಪತ್ತು ದಾಟಿದ ತಾಯಿಯೊಬ್ಬಳು ಮಾತ್ರ ನೀರಿನ ಕಡೆಗೆ ಮುಖ ಮಾಡಿ ನಿಂತಿದ್ದಳು. ಮೊಮ್ಮಗ ಬಂದು ಸೆರಗು ಜಗ್ಗಿ, “ಆಯಿ, ಕಾರಂಜಿ ಚಾಲೂ ಆಗತೈತಿ, ನಡಿ” ಎಂದನು. “ನೀ ಹೋಗಪಾ. ನಮ್ಮ ಹೊಲ ಇದರಾಗ ಐತಿ, ನಾ ಅದನ್ನ ನೋಡತೀನಿ” ಎಂದಳು. ಹುಡುಗನಿಗೆ ಅರ್ಥವಾಗಲಿಲ್ಲ. ನೀರನ್ನು ನೋಡಿದನು, ಅವಳ ಮುಖವನ್ನು ನೋಡಿದನು; ಕಾರಂಜಿಗೆ ಹೋಗದೆ ಅಲ್ಲಿಯೇ ನಿಂತನು. ಅವಳು ಒಂದೊಂದೇ ಹೇಳತೊಡಗಿದಳು: ಬಾವಿ ಎಲ್ಲಿತ್ತು, ಬೇವಿನ ಗಿಡ ಎಲ್ಲಿತ್ತು, ಎಳ್ಳಮಾವಾಸ್ಯೆಯ ದಿನ ಚರಗ ಎಲ್ಲಿಂದ ಚೆಲ್ಲುತ್ತಿದ್ದರು. ವಿಹಾರದ ಬಗೆಗೆ ನನ್ನಲ್ಲಿದ್ದ ತಾತ್ಸಾರ ಅಂದು ಅಳಿಯಿತು. ಅದರ ಜಾಗದಲ್ಲಿ ಒಂದು ಋಣದ ಭಾರ ಕುಳಿತಿತು.

ಈ ಜಲಾಶಯಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಬಾಧಿತವಾದವು. ಬಾಗಲಕೋಟೆ ಪಟ್ಟಣದ ಒಂದು ಭಾಗವೇ ಮುಳುಗಿ, ನವನಗರವನ್ನು ಕಟ್ಟಬೇಕಾಯಿತು. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಅದು ಕಾರ್ಯಗತವಾದಾಗ ಇನ್ನಷ್ಟು ಹೊಲಗಳು ನೀರಿಗಿಳಿಯಲಿವೆ. ಹೊಲವಿಲ್ಲದವರಿಗೆ ಹೊಲವಾಗಿ ಒದಗಿದ ಈ ಹಸಿರಿನ ಹಿಂದೆ ತಮ್ಮ ಹೊಲವನ್ನು ಬಿಟ್ಟುಕೊಟ್ಟವರಿದ್ದಾರೆ. ಪರಿಹಾರದ ಹಣ ಅವರಿಗೆ ಸಂದಿರಬಹುದು. ಆದರೆ ಋಣ ಹಣದಿಂದ ತೀರತಕ್ಕದ್ದಲ್ಲ.

ಆದುದರಿಂದ ಅಲ್ಲಿಗೆ ಹೋಗುವ ನಮ್ಮ ನಡತೆ ಹೇಗಿರಬೇಕು? ದಾಸೋಹದ ಮನೆಗೆ ಹೋದವರ ನಡತೆಯಂತಿರಬೇಕು. ಉಂಡ ಎಲೆ, ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿ ಚೆಲ್ಲುವುದು ಪ್ರಸಾದದ ತಟ್ಟೆಗೆ ಉಗುಳಿದಂತೆ. ಬಿಸಿಲಲ್ಲಿ ಕಳೆ ಕೀಳುವ, ಪಾತಿಗೆ ನೀರುಣಿಸುವ ಕೂಲಿಕಾರ ತಾಯಂದಿರನ್ನು ಕಂಡಾಗ ಒಂದು ಶರಣು ಹೇಳಿರಿ, ಮಕ್ಕಳಿಗೂ ಕಲಿಸಿರಿ. ಹಾಗೆಯೇ ಕೇಳುವ ಹಕ್ಕೂ ನಮಗಿದೆ. ಏರಿಳಿವಿನ ದಾರಿಯಲ್ಲಿ ಮುದುಕರಿಗೆ ಹಿಡಿಕಂಬಿ ಇರಲಿ, ಹೆಜ್ಜೆ ಹೆಜ್ಜೆಗೂ ಕೂಡಲು ಕಟ್ಟೆ ಇರಲಿ, ಹೆಣ್ಣುಮಕ್ಕಳಿಗೆ ಸ್ವಚ್ಛವಾದ ಶೌಚಾಲಯ ಇರಲಿ, ಕುಡಿಯುವ ನೀರು ಧರ್ಮಾರ್ಥವಾಗಿ ಸಿಗಲಿ. ಮುಳುಗಿದ ಹಳ್ಳಿಗಳ ಹೆಸರುಗಳನ್ನು ಕೆತ್ತಿದ ಕಲ್ಲೊಂದು ಎಲ್ಲರ ಕಣ್ಣಿಗೆ ಬೀಳುವ ಕಡೆ ನಿಲ್ಲಲಿ ಎಂಬುದು ನನ್ನ ಅರಿಕೆ. ಕಾರಂಜಿಗೆ ಓಡುವ ಮಗು ಒಂದು ಕ್ಷಣ ನಿಂತು ಆ ಹೆಸರುಗಳನ್ನು ಓದಿಕೊಂಡರೆ ಸಾಕು.

ದಾರಿಯಲ್ಲಿ ಅಣ್ಣ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ದರ್ಶನ ಮಾಡಿಕೊಳ್ಳಬಹುದು. ಇನ್ನೊಂದು ದಿನದ ಬಿಡುವಿದ್ದವರು ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೂ ಹೋಗಬಹುದು. ಅಲ್ಲಿ ಬಸವಸಾಗರದ ಹಿನ್ನೀರು ಏರಿದಾಗ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಎತ್ತರದ ಗೋಡೆ ಕಟ್ಟಿದ್ದಾರೆ. ಗುರುವಿನ ನೆಲೆಯನ್ನು ಗೋಡೆ ಕಟ್ಟಿ ಉಳಿಸಿಕೊಂಡೆವು. ಒಕ್ಕಲಿಗನ ನೆಲೆಗೆ ಗೋಡೆ ಕಟ್ಟಲಾಗಲಿಲ್ಲ. ಅದನ್ನು ನೆನಪಿನಲ್ಲಿಯೇ ಉಳಿಸಿಕೊಳ್ಳಬೇಕು.

ಮುಂದಿನ ಎಳ್ಳಮಾವಾಸ್ಯೆಗೆ ಹೊಲವಿಲ್ಲವೆಂದು ಮನೆಯಲ್ಲಿ ಕೂಡಬೇಡಿರಿ. ಬುತ್ತಿ ಕಟ್ಟಿಕೊಂಡು, ಮನೆಯ ಹಿರಿಯರನ್ನು ಮುಂದೆ ಮಾಡಿಕೊಂಡು ಆಲಮಟ್ಟಿಗೆ ಹೋಗಿಬನ್ನಿರಿ. ಉಣ್ಣುವ ಮುನ್ನ ಆ ನೀರಿನ ಕಡೆಗೆ ತಿರುಗಿ ಒಮ್ಮೆ ಕೈಮುಗಿಯಿರಿ. ಚರಗ ಚೆಲ್ಲಿದ ಫಲ ಅದರಲ್ಲಿಯೇ ಇದೆ.