ಮನೆಯೊಳಗೇ ಮೊಬೈಲ್ ಕರೆ

ಕೊನೆಗಾರ ಮರದಿಂದ ಬಿದ್ದರೆ ಜೀಪಿನವನಿಗೆ ಫೋನ್ ಮಾಡಲು ಗುಡ್ಡ ಹತ್ತಬೇಕಾದ ಸ್ಥಿತಿ ಮಲೆನಾಡಿನ ಅನೇಕ ಸದಸ್ಯರದು. ಟವರಿಗೂ ಮನೆಗೂ ನಡುವೆ ಗುಡ್ಡ ನಿಂತರೆ ಸಿಗ್ನಲ್ ಬಾರದು. ಇದಕ್ಕೆಂದು ಪೇಟೆಯಲ್ಲಿ ಮಾರುವ 'ಬೂಸ್ಟರ್'ಗೆ ಹಣ ಸುರಿಯಬೇಡಿರೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಮೇಲಾಗಿ ಅದು ನೆರೆಕರೆಯವರ ಸಿಗ್ನಲನ್ನೂ ಕೆಡಿಸಬಲ್ಲದು.

ಫೈಬರ್ ಬಂದಿರುವ ಕಡೆ ಸುಲಭ ದಾರಿಯಿದೆ. ಕಂಪೆನಿಯವರು ಕೊಡುವ ಮೋಡೆಮ್ ಪೆಟ್ಟಿಗೆಯ ವೈಫೈ ಮೂಲಕವೇ ಮಾಮೂಲು ನಂಬರಿನಿಂದ ಕರೆ ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಈ ಸೌಲಭ್ಯ ಆರಂಭಿಸಿದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಚಾಲೂ ಮಾಡಬೇಕು. ತೀರಾ ಹಳೆಯ ಫೋನುಗಳಲ್ಲಿ ಇದು ಸಿಗಲಾರದು.

ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಅಡಗಿಸದೆ ನಡುಮನೆಯಲ್ಲಿ ಎತ್ತರಕ್ಕಿಡಿ. ದಪ್ಪ ಮಣ್ಣಿನ ಗೋಡೆ ದಾಟಲು 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ವಾಸಿ. ಅಂಗಳದವರೆಗೆ ಬಂದೀತು, ತೋಟಕ್ಕೆ ಮಾತ್ರ ತಲುಪದು. ಕರೆಂಟು ಹೋದರೆ ಪೆಟ್ಟಿಗೆಯೂ ಸತ್ತಂತೆ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲವಾದ್ದರಿಂದ ಅದಕ್ಕೊಂದು ಪುಟ್ಟ ಬ್ಯಾಟರಿ ಬ್ಯಾಕಪ್ ಅವಶ್ಯ. ಸಿಡಿಲು ಕರೆಂಟಿನ ತಂತಿ ಹಿಡಿದು ಬರುವುದುಂಟು, ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಕಿತ್ತಿಡಿ.

ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನೇ ತೆರೆದು, ಜೀಪಿನವನ ನಂಬರಿಗೆ ಈ ವಾರವೇ ಒಮ್ಮೆ ಕರೆ ಮಾಡಿ ನೋಡಿರಿ.