ರಾಜನ ಕುದುರೆ ನಡೆ

ವಿಜಯಪುರದ ಇಬ್ರಾಹಿಂಪುರದಲ್ಲಿ ಇಂದು ಇಬ್ಬರು ಹುಡುಗರು ಚದುರಂಗದ ಮಣೆಯ ಮುಂದೆ ಕುಳಿತರೆ, ನಿಯಮವನ್ನು ಕುರಿತು ಒಂದು ಮಾತನ್ನೂ ಆಡಬೇಕಾಗಿಲ್ಲ. ಮೈಸೂರಿನಲ್ಲಿರುವ ನಿಯಮವೇ ಮಾಸ್ಕೋದಲ್ಲಿ, ಅದೇ ಇಲ್ಲಿಯೂ. ಅವರ ಮುತ್ತಜ್ಜಂದಿರಿಗೆ ಈ ಸೌಕರ್ಯವಿರಲಿಲ್ಲ. ಪರವೂರಿನ ಬೀಗರೊಡನೆ ಆಟ ಹೂಡುವಾಗ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು: "ನಿಮ್ಮ ಕಡೆ ರಾಜಾಗ ಕುದುರಿ ನಡಿ ಐತೇನ್ರೀ?"

ದೇಶೀ ಚದುರಂಗದಲ್ಲಿ ರಾಜನಿಗೆ ಕೋಟೆ ಸೇರುವ ಅವಕಾಶವಿರಲಿಲ್ಲ. ಅದಕ್ಕೆ ಬದಲಾಗಿ, ಒಮ್ಮೆಯೂ ಶಹ ಬೀಳದಿದ್ದರೆ, ಇಡೀ ಆಟದಲ್ಲಿ ಒಂದೇ ಸಲ ಅವನು ಕುದುರೆಯಂತೆ ಹಾರಬಹುದಾಗಿತ್ತು. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯಬೇಕು. ಅದು ಕೊನೆಯ ಸಾಲನ್ನು ಮುಟ್ಟಿದರೆ ಆಡುವವನು ಬಯಸಿದ ಕಾಯಾಗುತ್ತಿರಲಿಲ್ಲ. ಆನೆಯ ಸಾಲಿನಲ್ಲಿ ಹೋದದ್ದು ಆನೆ, ಕುದುರೆಯ ಸಾಲಿನಲ್ಲಿ ಹೋದದ್ದು ಕುದುರೆ. ಇಷ್ಟರ ಮೇಲೆ ಊರೂರಿಗೆ ಒಂದೊಂದು ತಿದ್ದುಪಡಿ. ಜಗಳಗಳಿಗೇನೂ ಕೊರತೆಯಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ನಿಯಮ ಬದಲಾದಾಗ ನಷ್ಟ ಯಾರಿಗೆ? ಹೊಸದಾಗಿ ಕಲಿಯುವ ಹುಡುಗನಿಗಂತೂ ಅಲ್ಲ. ಮೂವತ್ತು ವರ್ಷ ಆಡಿ ಪಳಗಿದವನಿಗೆ. ಯಾವ ಕಾಲಾಳನ್ನು ಯಾವಾಗ ಒತ್ತಬೇಕು, ರಾಜನ ಆ ಒಂದು ಹಾರಾಟವನ್ನು ಎಷ್ಟು ಹೊತ್ತು ಕಾಯ್ದಿಡಬೇಕು ಎಂಬ ವಿವೇಕ ಅವನ ಬೆರಳಿಗೇ ಬಂದಿರುತ್ತದೆ. ಮಣೆ ಅದೇ, ಕಾಯಿಗಳೂ ಅವೇ, ಆದರೆ ನಿನ್ನೆಯವರೆಗೆ ಊರಿಗೆ ಗುರುವಾಗಿದ್ದವನು ಇಂದು ಶಾಲೆಯಿಂದ ಬಂದ ಮೊಮ್ಮಗನನ್ನು "ಇದು ನಡೀತದೇನೋ?" ಎಂದು ಕೇಳಬೇಕಾಗುತ್ತದೆ. ಸೋಲಿಗಿಂತ ಕಹಿಯಾದದ್ದು ಈ ಕೇಳುವಿಕೆ.

ಮೀರ್ ಸುಲ್ತಾನ್ ಖಾನನ ಕಥೆ ಇದಕ್ಕೆ ದೊಡ್ಡ ನಿದರ್ಶನ. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿ, ತಂದೆಯಿಂದ ದೇಶೀ ಆಟವನ್ನು ಕಲಿತವನು. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರು ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಯುರೋಪಿನ ನಿಯಮಗಳನ್ನು ಹೇಳಿಸಿಕೊಟ್ಟರು. ಆಗ ಅವನು ಇಪ್ಪತ್ತು ದಾಟಿದ್ದ ತರುಣ. 1928ರಲ್ಲಿ ಅಖಿಲ ಭಾರತ ವಿಜೇತನಾದ. 1929ರಲ್ಲಿ ಲಂಡನ್ನಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದ. 1932 ಮತ್ತು 1933ರಲ್ಲಿ ಮತ್ತೆ ಗೆದ್ದ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವವಿಜೇತ ಕಾಪಾಬ್ಲಾಂಕನನ್ನೇ ಸೋಲಿಸಿದ. ಆದರೂ ಅವನ ಆಟದ ಆರಂಭ ಕಡೆಯವರೆಗೂ ದುರ್ಬಲವೆಂದೇ ಬಲ್ಲವರು ಹೇಳುತ್ತ ಬಂದಿದ್ದಾರೆ. ಆಶ್ಚರ್ಯವೇನು? ಹೊಸ ನಿಯಮ ಮೊದಲು ಕೆಡಿಸುವುದು ಆರಂಭವನ್ನೇ. ಕಾಲಾಳು ಎರಡು ಮನೆ ಹಾರಿ ಬಂದು ಎದುರಿಗೆ ನಿಂತಾಗ, ನಿಧಾನವಾಗಿ ವ್ಯೂಹ ಕಟ್ಟಲು ಕಲಿತವನ ಹಳೆಯ ಲೆಕ್ಕವೆಲ್ಲ ತಲೆಕೆಳಗು. ಆಟ ನಡುವನ್ನು ದಾಟಿತೆಂದರೆ ಮಾತ್ರ ಅವನನ್ನು ಹಿಡಿಯುವವರೇ ವಿರಳ. ಅವನು 1966ರಲ್ಲಿ ತೀರಿಕೊಂಡ. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತದ್ದು 2024ರಲ್ಲಿ!

ಅಖಿಲ ಭಾರತ ಚದುರಂಗ ಒಕ್ಕೂಟ 1951ರಲ್ಲಿ ಸ್ಥಾಪಿತವಾಗಿ, 1955ರಲ್ಲಿ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದ ಮೇಲೆ ದೇಶೀ ಪದ್ಧತಿ ಹಿಂದೆ ಸರಿಯಿತು. ಇದನ್ನು ಪರದೇಶದವರ ದಬ್ಬಾಳಿಕೆಯೆಂದು ಜರೆದವರ ಮಾತು ಅರ್ಧ ಮಾತ್ರ ನಿಜ. ಪ್ರಾಚೀನ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಹದಿನೈದನೆಯ ಶತಮಾನದ ಕೊನೆಗೆ ಯುರೋಪಿನವರು ಅವನಿಗೆ ಇಂದಿನ ಬಲವನ್ನು ಕೊಟ್ಟರು. ಅದನ್ನು ನಮ್ಮವರೂ ಸ್ವೀಕರಿಸಿದ್ದರು. ಅಂದರೆ ಅಜ್ಜಂದಿರು ಸನಾತನವೆಂದು ಕಾಪಾಡಿದ್ದು ಕೂಡ ಒಂದು ತಿದ್ದಿದ ಆವೃತ್ತಿಯೇ.

ಅಮೆರಿಕದಲ್ಲಿಯೂ ಇಂಥ ಮುನಿಸು ಕಂಡುಬಂದಿದೆ. ಅಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬ ವೀರನ ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ನಡೆಸುವ ಆಟವದು. 2008ರಲ್ಲಿ ಬಂದ ನಾಲ್ಕನೆಯ ಆವೃತ್ತಿ ಹಳಬರಲ್ಲಿ ಅನೇಕರಿಗೆ ರುಚಿಸಲಿಲ್ಲ. ಮರುವರ್ಷವೇ ಇನ್ನೊಂದು ಸಂಸ್ಥೆ ಮೂರನೆಯ ಆವೃತ್ತಿಯ ನಿಯಮಗಳನ್ನೇ ಪರಿಷ್ಕರಿಸಿ 'ಪಾತ್‌ಫೈಂಡರ್' ಎಂಬ ಹೆಸರಿನಲ್ಲಿ ಪ್ರಕಟಿಸಿತು; ಮುನಿದವರು ಅಲ್ಲಿಗೆ ಹೋದರು. ಅವರ ಭಾಗ್ಯವೆಂದರೆ ಹಳೆಯ ಪುಸ್ತಕ ಕಪಾಟಿನಲ್ಲಿ ಉಳಿದಿತ್ತು, ಜೊತೆಗೆ ನಾಲ್ಕು ಜನ ಗೆಳೆಯರೂ ಇದ್ದರು. ಕಟ್ಟೆಯ ಮೇಲಿನ ಚದುರಂಗದ ನಿಯಮ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದು. ಎದುರಾಳಿ ಇಲ್ಲವಾದನೆಂದರೆ ಗ್ರಂಥವೂ ಇಲ್ಲವಾಯಿತು.

ನಮ್ಮಲ್ಲಿ ಆಟಗಳನ್ನು ಬರೆದಿಡುವ ಬುದ್ಧಿ ತೋರಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಭಾಗವನ್ನು ಅವರು ಆಟಗಳಿಗೇ ಮೀಸಲಿಟ್ಟರು. ಕುದುರೆ ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದರು. ಅದೇ ಮೈಸೂರಿನಿಂದ 2017ರಲ್ಲಿ ಎಂ. ಎಸ್. ತೇಜಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅಂತರರಾಷ್ಟ್ರೀಯ ನಿಯಮವಿಲ್ಲದೆ ಇದು ಸಾಧ್ಯವಿರಲಿಲ್ಲ.

ಹಳೆಯದು ಪೂರ್ತಿ ಅಳಿಯಿತೆನ್ನುವಂತೆಯೂ ಇಲ್ಲ. 1850ರ ದಶಕದಲ್ಲಿ ಕಲಕತ್ತೆಯ ಮಹೇಶ್ಚಂದ್ರ ಬ್ಯಾನರ್ಜಿ ಎಂಬ ಆಟಗಾರ ಜಾನ್ ಕಾಕ್ರೇನನೊಡನೆ ಯುರೋಪಿನ ನಿಯಮದಂತೆ ಆಡುವಾಗಲೂ ದೇಶೀ ಅಭ್ಯಾಸವನ್ನು ಬಿಡಲಿಲ್ಲ. ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಅಡಗಿಸಿ ಕೂರಿಸುತ್ತಿದ್ದ. ಅಂದಿನವರಿಗೆ ವಿಚಿತ್ರವಾಗಿ ತೋರಿದ ಆ ವ್ಯೂಹವೇ ಮುಂದೆ 'ಕಿಂಗ್ಸ್ ಇಂಡಿಯನ್ ಡಿಫೆನ್ಸ್' ಎಂದು ಹೆಸರಾಯಿತು. ಇಂದಿನ ಹುಡುಗರು ಅದನ್ನು ಇಂಗ್ಲಿಷ್ ಹೆಸರಿನಿಂದಲೇ ಕಲಿಯುತ್ತಾರೆ.