ದೀಪಗಳ ಪೇಟೆಗೆ ಹೊರಟ ದಂಪತಿ

ವಾರವಿಡೀ ದುಡಿದು ಬಸವಳಿದ ಹುಡುಗಿ. ಇವತ್ತು ರಾತ್ರಿ ಪೇಟೆಯ ಝಗಮಗ ದೀಪ ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಬೆನ್ನಿಗೇ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಮೆರವಣಿಗೆ ಹೊರಡುತ್ತದೆ. ಕುಣಿಯುವಂತಿರುವ ಈ ಹಾಡಿನ ತಳದಲ್ಲಿ ಎಷ್ಟು ದಣಿವಿದೆ ಎಂದು ತಿಳಿಯುವುದು ಎರಡನೇ ಸಲ ಕೇಳಿದಾಗ.

ಇಂಗ್ಲೆಂಡಿನ ರಿಚರ್ಡ್ ಮತ್ತು ಲಿಂಡಾ ಥಾಂಪ್ಸನ್ ದಂಪತಿಯ ಮೊದಲ ಆಲ್ಬಂ 'ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್'ನ ಶೀರ್ಷಿಕೆ ಗೀತೆ ಇದು. ರಿಚರ್ಡ್ ಅದಕ್ಕೂ ಮೊದಲು ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಗಿಟಾರ್ ವಾದಕ. ಬ್ರಿಟನ್ನಿನ ಹಳೆಯ ಲಾವಣಿಗಳಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಕೂಡಿಸಿದ ತಂಡವದು. 1972ರಲ್ಲಿ ಲಿಂಡಾ ಅವರನ್ನು ಮದುವೆಯಾದರು. ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂತು. ಗ್ರಾಮಫೋನ್ ತಟ್ಟೆಗೆ ಬೇಕಾದ ವಿನೈಲ್‌ಗೇ ಬರ. ಆಲ್ಬಂ ಹೊರಬಂದದ್ದು 1974ರಲ್ಲಿ.

ಇದರಲ್ಲಿರುವ ಹತ್ತೂ ಹಾಡುಗಳು ಹೊಸವು, ರಿಚರ್ಡ್ ಬರೆದವು. ಆದರೂ ನೂರಾರು ವರ್ಷ ಬಾಯಿಂದ ಬಾಯಿಗೆ ಬಂದಂತಿವೆ. ಕುಡುಕರು, ಭಿಕ್ಷೆ ಬೇಡುವ ಹುಡುಗಿ, ಒಂಟಿ ಹೆಣ್ಣು ಇಲ್ಲಿ ಮಾತಾಡುತ್ತಾರೆ. ಮೊದಲ ಹಾಡಿನ ಕೊನೆಯಲ್ಲಂತೂ ಗಿಟಾರ್‌ಗೂ, ಕೊಕ್ಕೆಯಂತೆ ಬಾಗಿದ ಕ್ರಮ್‌ಹಾರ್ನ್ ಎಂಬ ಪುರಾತನ ಊದುವಾದ್ಯಕ್ಕೂ ಸವಾಲ್-ಜವಾಬ್!

ನನ್ನ ಮಟ್ಟಿಗೆ ಆಲ್ಬಂನ ಜೀವ ಇರುವುದು ಕೊನೆಯ 'ದ ಗ್ರೇಟ್ ವಲೇರಿಯೊ'ದಲ್ಲಿ. ಎತ್ತರದಲ್ಲಿ ಬಿಗಿದ ಹಗ್ಗದ ಮೇಲೆ ಒಬ್ಬ ನಡೆಯುತ್ತಿದ್ದಾನೆ, ಕೆಳಗೆ ಜನ ಉಸಿರು ಬಿಗಿಹಿಡಿದಿದ್ದಾರೆ. ಡ್ರಮ್ಸ್ ಇಲ್ಲ, ಬ್ಯಾಂಡ್ ಇಲ್ಲ. ಗಂಡನ ಗಿಟಾರ್, ಹೆಂಡತಿಯ ದನಿ, ಅಷ್ಟೇ. ಲಿಂಡಾ ದನಿ ಏರಿಸುವುದಿಲ್ಲ, ನಡುಗಿಸುವುದಿಲ್ಲ, ದುಃಖವನ್ನು ಅಲಂಕರಿಸುವುದೂ ಇಲ್ಲ. ನೇರವಾಗಿ, ಒಂದೊಂದೇ ಹೆಜ್ಜೆ ಇಟ್ಟಂತೆ ಹಾಡುತ್ತಾರೆ. ಹಗ್ಗದ ಮೇಲಿರುವುದು ಅವರೇ ಅನ್ನಿಸಿಬಿಡುತ್ತದೆ. ರಿಚರ್ಡ್ ತಾವೇ ಹಾಡಿದ್ದರೆ ಈ ಪದಗಳು ಕಹಿಯಾಗುತ್ತಿದ್ದವೇನೋ. ಲಿಂಡಾ ಬಾಯಲ್ಲಿ ಅವು ಕರುಣೆಯಾಗಿವೆ.

ಜೋಡಿ ಆರು ಆಲ್ಬಂ ಮಾಡಿತು. ಕೊನೆಯ 'ಶೂಟ್ ಔಟ್ ದ ಲೈಟ್ಸ್' 1982ರಲ್ಲಿ ಬಂದಾಗ ದಾಂಪತ್ಯ ಮುರಿದಿತ್ತು. ಆದರೂ ಇಬ್ಬರೂ ಒಟ್ಟಿಗೆ ಅಮೆರಿಕ ಪ್ರವಾಸ ಮಾಡಿ ಹಾಡಿದರು. ಮುಂದೆ ಡಿಸ್ಫೋನಿಯಾ ಎಂಬ ಗಂಟಲಿನ ತೊಂದರೆ ಲಿಂಡಾ ಅವರ ದನಿಯನ್ನೇ ಕಸಿಯಿತು. 2024ರ 'ಪ್ರಾಕ್ಸಿ ಮ್ಯೂಸಿಕ್'ನಲ್ಲಿ ಅವರ ಹಾಡುಗಳನ್ನು ಹಾಡಿದವರು ಬೇರೆಯವರು. ಮಗ ಟೆಡ್ಡಿಯೂ ಅವರಲ್ಲೊಬ್ಬ.

ಹೊಸದಾಗಿ ಕೇಳುವವರು ಈ ಮೊದಲ ಆಲ್ಬಂನ 'ವಿದರ್ಡ್ ಅಂಡ್ ಡೈಡ್' ಹಾಡಿನಿಂದ ಶುರುಮಾಡಿ. 'ವಲೇರಿಯೊ'ವನ್ನು ಮಾತ್ರ ಕೈಲಿರುವ ಕೆಲಸವೆಲ್ಲ ಬಿಟ್ಟು, ಕೂತು ಕೇಳಿ.